ಪಾಟಿಯೊಳಗಿನ ಮುಖ

ಹುಬ್ಬಳ್ಳಿಯ ಜನ ಒಂದು ವಸ್ತುವನ್ನು ತಕರಾರಿಲ್ಲದೆ ಕೊಂಡರು ಎಂದರೆ ಆ ಊರಿನವರೇ ನಂಬುವುದಿಲ್ಲ. ಮಿರ್ಚಿ ಭಜಿ ಕೊಳ್ಳುವಾಗಲೂ ಮೆಣಸಿನಕಾಯಿ ಸಣ್ಣದಾಯಿತು, ಎಣ್ಣೆ ಹಳೆಯದು ಎಂದು ಎರಡು ಮಾತು ಆಡಿ, ಅದನ್ನೇ ಚಪ್ಪರಿಸಿ ತಿಂದು, ಮರುದಿನ ಅದೇ ಗಾಡಿಯ ಮುಂದೆ ನಿಲ್ಲುವ ಮಂದಿ ಅವರು. ಅಂಥ ಊರಿನಲ್ಲಿ ‘ಹಿತ’ ಎಂಬ ಹೊಸ ಟ್ಯಾಬ್ಲೆಟ್ ಮಾರಾಟಕ್ಕೆ ಬಂದು, ಮಳೆಗಾಲ ಮುಗಿದು, ಚಳಿ ಬಿದ್ದರೂ ಅದರ ಮೇಲೆ ಒಂದು ದೂರೂ ಬರಲಿಲ್ಲ. ಕಂಪನಿಯವರು ಇದನ್ನು ಯಶಸ್ಸು ಎಂದು ಕರೆದು ಧಾರವಾಡ ಪೇಡೆ ಹಂಚಿದರು.

ಜಾಹೀರಾತಿನಲ್ಲಿ ಅದು ‘ಹಿತ’, ಅಂಗಡಿಯಲ್ಲಿ ಟ್ಯಾಬ್ಲೆಟ್, ಜನರ ಬಾಯಲ್ಲಿ ಮಾತ್ರ ಪಾಟಿ. ಶಾಲೆಯ ಮಕ್ಕಳು ಬರೆಯುತ್ತಿದ್ದ ಪಾಟಿಯಷ್ಟೇ ಅಗಲ, ಅಷ್ಟೇ ಕಪ್ಪು. ಅದರ ಬೆನ್ನಿಗೆ ತೆಳುವಾದ ಒಂದು ಪೊರೆ ಇತ್ತು. ಹಿಡಿದವರ ಬೆರಳಿನ ಬೆವರು, ನಾಡಿಯ ಬಡಿತ ಅದಕ್ಕೆ ತಿಳಿಯುತ್ತಿತ್ತು. ಯಾವ ಮಾತಿಗೆ ಈ ಮನುಷ್ಯನ ಎದೆ ಹೊಡೆದುಕೊಳ್ಳುತ್ತದೆ, ಯಾವ ದನಿಗೆ ಕೈ ತಣ್ಣಗಾಗುತ್ತದೆ ಎಂಬುದನ್ನು ಅದು ಕೆಲವೇ ದಿನಗಳಲ್ಲಿ ಕಲಿತುಕೊಂಡು, ಆಮೇಲೆ ವಿಡಿಯೋ ಕರೆಯಲ್ಲಿ ಆ ಕಡೆಯಿಂದ ಬರುವ ಮಾತಿನ ಮೊನೆಯನ್ನು ಸವೆಸಿ ಕೊಡುತ್ತಿತ್ತು. ಅತ್ತೆ ಕಿರುಚಿದರೆ ಸೊಸೆಗೆ ಬುದ್ಧಿ ಹೇಳಿದಂತೆ ಕೇಳುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ಇನ್ನು ಕೆಲಸವಿಲ್ಲ ಎಂದು ಕಂಪನಿಯವರು ಊರ ತುಂಬ ಬೋರ್ಡು ಹಾಕಿಸಿದ್ದರು.

ಕೊಂಡವರ ಅಭಿಪ್ರಾಯಗಳನ್ನು ಓದಿ ವರದಿ ಬರೆಯುವ ಕೆಲಸ ದಾಕ್ಷಾಯಣಿ ಮಸೂತಿಯದು. ನಲವತ್ತರ ಹತ್ತಿರದ ಹೆಂಗಸು, ಮದುವೆಯಾಗಿರಲಿಲ್ಲ. ಹಿಂದೆ ಮಿಕ್ಸರ್ ಕಂಪನಿಯೊಂದರಲ್ಲಿ ಇದೇ ಕೆಲಸ ಮಾಡುವಾಗ ಜನರ ಬೈಗುಳ ಓದಿ ಓದಿ ಅವಳಿಗೆ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಇಲ್ಲಿ ಹಾಗಲ್ಲ. ಬೆಳಿಗ್ಗೆ ತನ್ನ ಪಾಟಿ ತೆರೆದರೆ ಕೇಶ್ವಾಪುರದ ಟೀಚರು, ಕಮರಿಪೇಟೆಯ ನೇಕಾರ, ಗೋಕುಲ ರಸ್ತೆಯ ವಕೀಲರ ಹೆಂಡತಿ, ಎಲ್ಲರೂ ಸಂತೃಪ್ತರು. ಗಂಡ ಹೆಂಡತಿ ಮತ್ತೆ ಮಾತಾಡುವಂತಾಯಿತು ಎನ್ನುವವರು, ಸಾಲ ಕೊಟ್ಟವನ ದನಿಯೂ ಇಂಪಾಗಿದೆ ಎನ್ನುವವರು. ಒಬ್ಬರ ಒಗ್ಗರಣೆ ಸೀದ ವಾಸನೆಯೂ ಅದರಲ್ಲಿ ಇರಲಿಲ್ಲ. ದಾಕ್ಷಾಯಣಿಗೆ ಹೊಟ್ಟೆನೋವು ಬಿಟ್ಟುಹೋಯಿತು. ಹೊಟ್ಟೆನೋವು ಬಿಟ್ಟವರು ಸಾಮಾನ್ಯವಾಗಿ ಯಾಕೆ ಬಿಟ್ಟಿತು ಎಂದು ಕೇಳಲು ಹೋಗುವುದಿಲ್ಲ.

ಅವಳಿಗೆ ಇದ್ದದ್ದು ಒಬ್ಬಳೇ ತಂಗಿ, ಗಿರಿಜಾ. ಗಿರಿಜೆಯನ್ನು ಹಡೆಯುವಾಗಲೇ ಅವರ ಅವ್ವ ತೀರಿಕೊಂಡಿದ್ದಳು. ಆಗ ದಾಕ್ಷಾಯಣಿ ಲಂಗ ಉಡುವ ಹುಡುಗಿ. ಕೊನೆಯ ದಿನಗಳಲ್ಲಿ ಅವ್ವನ ಮುಖ ನಾದಿದ ಹಿಟ್ಟಿನಂತೆ ಊದಿಕೊಂಡಿತ್ತು, ಬಳೆ ಕೈಗೆ ಕಚ್ಚಿಕೊಂಡು ಒಡೆದು ತೆಗೆಯಬೇಕಾಗಿತ್ತು. ಅದು ಅವಳ ಕಣ್ಣಿನಿಂದ ಯಾವತ್ತೂ ಅಳಿಸಿಹೋಗಲಿಲ್ಲ. ತಂಗಿಯನ್ನು ಸಾಕಿ, ಓದಿಸಿ, ಬ್ಯಾಡಗಿ ಕಡೆಯ ಹಳ್ಳಿಗೆ ಮದುವೆ ಮಾಡಿಕೊಟ್ಟವಳು ಅವಳೇ. ಗಿರಿಜೆಯ ಗಂಡ ಈರಣ್ಣ ಮೆಣಸಿನಕಾಯಿ ಲಾರಿ ಹೊಡೆಯುವವನು. ಗುಜರಾತಿಗೆ ಹೊರಟರೆ ವಾರಗಟ್ಟಲೆ ಮನೆ ಕಾಣುತ್ತಿರಲಿಲ್ಲ. ಮನೆಯಲ್ಲಿ ಗಿರಿಜೆ, ಅವಳ ಅತ್ತೆ ಗೌರವ್ವ ಇಬ್ಬರೇ. ಗಿರಿಜೆ ಬಸುರಿ ಎಂದು ತಿಳಿದ ದಿನವೇ ದಾಕ್ಷಾಯಣಿ ಕಂಪನಿಯ ರಿಯಾಯಿತಿಯಲ್ಲಿ ಒಂದು ಪಾಟಿ ಕೊಂಡು ತಂಗಿಗೆ ಕಳಿಸಿದಳು. ದಿನಾ ಸಂಜೆ ಮುಖ ನೋಡಬೇಕು, ಅಷ್ಟೇ ಅವಳ ಆಸೆ.

ಆ ಸೀಮೆಯಲ್ಲಿ ಏಳನೆಯ ತಿಂಗಳಿಗೆ ಕುಬಸ ಮಾಡುತ್ತಾರೆ. ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ತೆಗೆದುಕೊಂಡು ಹೋಗಿ, ಬಸುರಿಗೆ ಉಡಿ ತುಂಬಿ, ಹೆರಿಗೆಗೆ ಕರೆದುಕೊಂಡು ಬರುವುದು ರೂಢಿ. ತವರಿನವರು ಬಂದು ಕರೆಯುವವರೆಗೆ ಅತ್ತೆ ಮನೆಯವರು ಕಳಿಸುವಂತಿಲ್ಲ, ಕಳಿಸಿದರೆ ಸೊಸೆಯನ್ನು ಹೊರಗೆ ಹಾಕಿದರು ಎಂದು ಊರು ಆಡಿಕೊಳ್ಳುತ್ತದೆ. ಗಿರಿಜೆಗೆ ತವರು ಎಂದರೆ ದಾಕ್ಷಾಯಣಿ ಒಬ್ಬಳೇ. ಸೀರೆ ತಂದು ಇಟ್ಟೂ ಆಗಿತ್ತು. ಆದರೆ ಅಷ್ಟರಲ್ಲೇ ದೀಪಾವಳಿ ಮಾರಾಟ ಬಂತು, ಅದರ ಬೆನ್ನಿಗೆ ಬೆಳಗಾವಿ, ಕಲಬುರಗಿಯಲ್ಲಿ ಹೊಸ ಅಂಗಡಿಗಳು ತೆರೆದವು, ರಜೆ ಸಿಗಲಿಲ್ಲ. ಮುಂದಿನ ವಾರ ಎನ್ನುತ್ತ ಏಳು ಮುಗಿದು ಎಂಟಕ್ಕೆ ಬಿತ್ತು.

ಅವಳಿಗೆ ಆತಂಕವಿರಲಿಲ್ಲ ಎಂದಲ್ಲ. ದೀಪಾವಳಿಯ ಹೊತ್ತಿಗೆ ಒಂದು ಸಂಜೆ ಪಾಟಿಯಲ್ಲಿ ಗಿರಿಜೆಯ ಕಣ್ಣಿನ ಕೆಳಗೆ ಸಣ್ಣ ಬಾವು ಕಂಡಂತಾಗಿ ದಾಕ್ಷಾಯಣಿಯ ಎದೆ ಧಸಕ್ಕೆಂದಿತ್ತು. ಮರುದಿನ ನೋಡಿದರೆ ಬಾವು ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಗಿರಿಜೆಯ ಮುಖ ಬಸುರಿಯರಿಗೆ ಬರುವ ಕಳೆಯಿಂದ ಲಕಲಕ ಹೊಳೆಯುತ್ತಿತ್ತು. ಸ್ವಲ್ಪ ತಲೆ ಭಾರ ಎನ್ನುತ್ತಿದ್ದಳು, ಸ್ವಲ್ಪ ದಣಿವು ಎನ್ನುತ್ತಿದ್ದಳು. ಬಸುರಿಗೆ ಅಷ್ಟೂ ಆಗದಿದ್ದರೆ ಹೇಗೆ? ನೀರು ಕುಡಿ, ಎಡಕ್ಕೆ ಮಲಗು ಎಂದು ಹೇಳಿ ದಾಕ್ಷಾಯಣಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಳು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಹಿರಿಯರು ಬೆಟ್ಟದ ಬಗ್ಗೆ ಮಾತ್ರ ಹೇಳಿದ್ದಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ಗದ್ದಲವಾಯಿತು. ಧೋತರ, ಬಿಳಿ ಟೋಪಿಯ ಮುದುಕನೊಬ್ಬ ವಾಚ್‌ಮನ್‌ನನ್ನು ಬದಿಗೆ ಸರಿಸಿ ಒಳಗೆ ಬಂದ. ಹೆಸರು ಚನಬಸಪ್ಪ ಯಲಿಗಾರ, ರೈಲ್ವೆಯಲ್ಲಿ ಫಿಟರ್ ಆಗಿದ್ದು ನಿವೃತ್ತನಾದವನು. ಬಗಲಲ್ಲಿ ಪಾಟಿ ಇತ್ತು. ಏನು ಬೇಕಾಗಿತ್ತು ಎಂದು ದಾಕ್ಷಾಯಣಿ ಕೇಳಿದಳು.

“ಬೈಯಾಕ ಬಂದೀನಿ,” ಎಂದ ಮುದುಕ. “ಯಾರು ಬೈಸ್ಕೋತೀರಿ ಹೇಳ್ರಿ. ಮೂರು ಸಲ ಪಾಟ್ಯಾಗ ಬರದು ಬೈದೆ. ಮೂರೂ ಸಲ ಧನ್ಯವಾದ ಅಂತ ಬಂತು.”

ಅವಳು ಕುರ್ಚಿ ಕೊಟ್ಟು, ಅವನ ಹೆಸರು ಹಾಕಿ ಹುಡುಕಿದಳು. ಮೂರೂ ಅಭಿಪ್ರಾಯ ಸಿಕ್ಕವು. ಅವಳೇ ಓದಿ ಮೆಚ್ಚಿಗೆಯ ಪಟ್ಟಿಗೆ ಸೇರಿಸಿದ್ದವು. ಕೊನೆಯದನ್ನು ಗಟ್ಟಿಯಾಗಿ ಓದಿದಳು: ಪಾಟಿ ಭಾಳ ಚಲೋ ಐತಿ, ದನಿ ಸ್ವಲ್ಪ ಜೋರು ಬಂದರ ಇನ್ನೂ ಚಲೋ. ಮುದುಕ ತನ್ನ ಪಾಟಿ ತೆರೆದು ತಾನು ಬರೆದದ್ದನ್ನು ಅವಳ ಮುಂದೆ ಹಿಡಿದ. ನಿಮ್ಮ ಪಾಟಿ ಸುಳ್ಳು ಬೊಗಳುತ್ತದೆ, ಇದನ್ನು ಒಡೆದು ಒಲೆಗೆ ಹಾಕಬೇಕು, ಮಾಡಿದವರನ್ನೂ ಜೊತೆಗೆ ಹಾಕಬೇಕು ಎಂದಿತ್ತು. ಅದೇ ದಿನ, ಅದೇ ಹೊತ್ತು.

ಅವನ ಸಂಕಟ ಇಷ್ಟೇ. ಗದಗಿನಲ್ಲಿ ಹಜರೇಸಾಬ ಎಂಬ ದರ್ಜಿ ಅವನ ಹರೆಯದ ಗೆಳೆಯ. ದಿನಾ ಬೆಳಿಗ್ಗೆ ಒಬ್ಬರಿಗೊಬ್ಬರು ಫೋನು ಮಾಡಿ ಬೈದುಕೊಳ್ಳದಿದ್ದರೆ ಇಬ್ಬರಿಗೂ ಚಹಾ ಇಳಿಯುತ್ತಿರಲಿಲ್ಲ. ಮಕ್ಕಳು ಇಬ್ಬರಿಗೂ ಪಾಟಿ ಕೊಡಿಸಿದರು. ಅಂದಿನಿಂದ ಹಜರೇಸಾಬ ಉದ್ಘಾಟನೆಗೆ ಬಂದ ಮಂತ್ರಿಯ ಹಾಗೆ ಮಾತಾಡತೊಡಗಿದ. ಇವನಿಗೆ ಸಿಟ್ಟು ಬಂತು, ಗೆಳೆಯ ದೂರವಾದ ಎಂದು ಮಾತು ಬಿಟ್ಟ. ಕೊನೆಗೆ ತಡೆಯಲಾರದೆ ರೈಲು ಹತ್ತಿ ಗದಗಿಗೆ ಹೋದ.

“ಪಾಟ್ಯಾಗ ಗಲ್ಲ ತುಂಬಿಕೊಂಡು ಕುಂತಿರತಿದ್ದನವಾ,” ಎಂದ ಚನಬಸಪ್ಪ. ಈಗ ಅವನ ದನಿ ಇಳಿದಿತ್ತು. “ಹೋಗಿ ನೋಡಿದರ ಹಾಸಿಗ್ಯಾಗ ಹಗ್ಗದಂಗ ಬಿದ್ದಾನ. ಸಕ್ಕರಿ ಬ್ಯಾನಿ ಬಂದು ಅರ್ಧ ಮನಷ್ಯಾ ಆಗ್ಯಾನ. ಮುಖಾನೂ ಸುಳ್ಳು ಹೇಳತೈತೇನು ನಿಮ್ಮ ಪಾಟಿ?”

ದಾಕ್ಷಾಯಣಿಗೆ ಮೊದಲು ನೆನಪಾದದ್ದು ತಾನು ಬರೆದ ವರದಿಗಳು. ಗಿರಿಜೆ ಆಮೇಲೆ ನೆನಪಾದಳು. ಈ ಅನುಕ್ರಮವನ್ನು ಅವಳು ಮುಂದೆ ತನಗೆ ಯಾವತ್ತೂ ಕ್ಷಮಿಸಿಕೊಳ್ಳಲಿಲ್ಲ. ಗಿರಿಜೆ ನೆನಪಾದ ಕೂಡಲೇ ಅವಳು ಎದ್ದು ಮೆಟ್ಟಿಲು ಹತ್ತಿದಳು.

ಮೇಲಿನ ಮಹಡಿಯಲ್ಲಿ ತಂತ್ರಜ್ಞರ ಕೋಣೆ. ಗೋಡೆಯ ದೊಡ್ಡ ಪರದೆಯ ಮೇಲೆ ನಾಡಿನ ನಕ್ಷೆ ಇತ್ತು. ಎಲ್ಲೆಲ್ಲಿ ಜನ ಪಾಟಿ ಹಿಡಿದಿದ್ದರೋ ಅಲ್ಲೆಲ್ಲ ಹಸಿರು ಚುಕ್ಕೆಗಳು. ಹಸಿರು ಎಂದರೆ ಎದೆಬಡಿತ ಸಮನಾಗಿದೆ ಎಂದು ಅರ್ಥ. ಅಲ್ಲಿನ ಮುಖ್ಯಸ್ಥ ಶ್ರೀವತ್ಸ ಮೈಸೂರಿನವನು, ಕೆಟ್ಟವನಲ್ಲ. ಇಡೀ ದಿನ ಆ ಹಸಿರನ್ನು ನೋಡಿ ಸಂತೋಷಪಡುವ ತರುಣ. ದಾಕ್ಷಾಯಣಿ ಕೇಳಿದ್ದಕ್ಕೆಲ್ಲ ಅವನು ಮುಚ್ಚುಮರೆಯಿಲ್ಲದೆ ಉತ್ತರಿಸಿದ. ದನಿಯನ್ನು ತಿದ್ದಿ ಮುಖವನ್ನು ಹಾಗೇ ಬಿಟ್ಟರೆ ಎರಡೂ ಹೊಂದುವುದಿಲ್ಲ, ಅದಕ್ಕೆ ಮುಖವನ್ನೂ ತಿದ್ದುತ್ತೇವೆ ಎಂದ. ಅಭಿಪ್ರಾಯ ಬರೆಯುವುದೂ ಒಂದು ಮಾತುಕತೆಯೇ, ಓದುವವರು ನೀವು, ನಿಮಗೂ ನೋವಾಗಬಾರದಲ್ಲ ಎಂದ. ಬೈಗುಳ ಓದುವಾಗ ನಿಮ್ಮ ನಾಡಿ ಓಡುವುದನ್ನು ಪಾಟಿ ಮೊದಲ ವಾರದಲ್ಲೇ ಕಲಿತಿರುತ್ತದೆ ಎಂದೂ ವಿವರಿಸಿದ.

ಮುಖದಲ್ಲಿ ಬಾವು ಇದ್ದರೆ ಏನಾಗುತ್ತದೆ ಎಂದು ದಾಕ್ಷಾಯಣಿ ಕೇಳಿದಳು.

“ಎಲ್ಲರಿಗೂ ಏನೂ ಆಗಲ್ಲ ಮೇಡಂ,” ಎಂದ ಶ್ರೀವತ್ಸ. “ನೋಡೋರಿಗೆ ಅದರಿಂದ ಗಾಬರಿ ಆಗುತ್ತೆ ಅಂತ ಗೊತ್ತಾದರೆ ಮಾತ್ರ ಇಳಿಸುತ್ತೆ. ಒಂದೇ ಒಂದು ಸಲ ಗಾಬರಿ ಆಗಿದ್ದರೂ ಸಾಕು. ನೀವು ಯಾವುದಕ್ಕೆ ತುಂಬ ಹೆದರ್ತೀರೋ ಅದನ್ನೇ ಮೊದಲು ಕಲಿಯೋದು ಅದು.”

ಅವನು ಹೇಳುತ್ತಲೇ ಇದ್ದ, ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಕೆಳಗೆ ಚನಬಸಪ್ಪ ಬೈಗುಳ ಅರ್ಧಕ್ಕೆ ನಿಂತ ಮುನಿಸಿನಲ್ಲಿ ಇನ್ನೂ ಕುಳಿತಿದ್ದ. ಅವನ ಕಿಸೆಯಲ್ಲಿ ಹಳೆಯ ಗುಂಡಿ ಫೋನು ಇತ್ತು. ಅದನ್ನು ಇಸಿದುಕೊಂಡು ಗೌರವ್ವನ ನಂಬರಿಗೆ ಹಚ್ಚಿದಳು. ತಂಗಿಯ ಮನೆಯಿಂದ ತಿಂಗಳುಗಳ ನಂತರ ಕೇಳಿದ ಮೊದಲ ನಿಜ ದನಿ ಅದು, ಒರಟಾಗಿ ಕಿವಿಗೆ ಬಡಿಯಿತು. ಗಿರಿಜೆ ಹೇಗಿದ್ದಾಳೆ ಎಂದು ಕೇಳಿದಳು.

“ನಿನ್ನೀಯಿಂದ ಕಣ್ಣು ಮಂಜು ಅನ್ನಾಕತ್ತಾಳ,” ಎಂದಳು ಗೌರವ್ವ. “ತಲಿ ಸಿಡದು ಹೋಗತೈತಿ ಅಂತ ಗ್ವಾಡಿಗೆ ಹಣಿ ಬಡಕೋತಾಳ. ಮಾರಿ ನೋಡಿದರ ಗುರುತ ಹತ್ತೂದಿಲ್ಲ, ಅಷ್ಟು ಬಾತೈತಿ. ನೀ ದಿನಾ ನೋಡತೀಯಲ್ಲವಾ? ಕಲತಾಕಿ ನೀನ ಏನೂ ಅನವಲ್ಲಿ, ಮತ್ತ ನಾವೇನು ಹೇಳೂದು ಅಂತ ಸುಮ್ಮಕಿದ್ದೆ.”

ಈಗಿಂದೀಗ ಗಾಡಿ ಮಾಡಿ ಆಸ್ಪತ್ರೆಗೆ ಒಯ್ಯಿರಿ ಎಂದು ದಾಕ್ಷಾಯಣಿ ಹೇಳಿದಳು. ಆ ಕಡೆ ಗೌರವ್ವ ತಡವರಿಸಿದಳು. ಈರಣ್ಣ ಊರಲ್ಲಿಲ್ಲ, ಕುಬಸವಾಗದ ಬಸುರಿಯನ್ನು ತವರಿನವರಿಲ್ಲದೆ ಹೊಸ್ತಿಲು ದಾಟಿಸುವುದು ಹೇಗೆ, ನೀನು ಬಂದು ಉಡಿ ತುಂಬಿ ಕರೆದುಕೊಂಡು ಹೋಗಬಾರದೇ ಎಂದಳು. ಅವಳ ಮಾತಿನಲ್ಲಿ ಹಟವಿರಲಿಲ್ಲ, ಹೆದರಿಕೆಯಷ್ಟೇ ಇತ್ತು. ದಾಕ್ಷಾಯಣಿ ತನ್ನ ಜೀವಮಾನದಲ್ಲಿ ಆಡದ ಮಾತುಗಳನ್ನು ಆ ಫೋನಿನಲ್ಲಿ ಆಡಿದಳು. ಚನಬಸಪ್ಪನೇ ಬೆರಗಾಗಿ ನೋಡಿದ. ಆ ಮಾತುಗಳು ಸವೆಯದೆ ಹೋಗಿ ಮುಟ್ಟಿದವು. ಗೌರವ್ವ ಓಡಿಹೋಗಿ ನೆರೆಮನೆಯವನ ಟಂಟಂ ಆಟೋ ತರಿಸಿದಳು.

ದಾರಿಯಲ್ಲೇ ಗಿರಿಜೆಗೆ ಫಿಟ್ಸು ಬಂತು. ತಾಲೂಕಿನ ಆಸ್ಪತ್ರೆಯಲ್ಲಿ ಆಗುವುದಿಲ್ಲ ಎಂದು ಮುಂದಕ್ಕೆ ಕಳಿಸಿದರು. ದಾಕ್ಷಾಯಣಿ ಬಾಡಿಗೆ ಕಾರು ಹಿಡಿದು ಹಾವೇರಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಿಸಿಲು ಇಳಿಯುತ್ತಿತ್ತು. ಸ್ಟ್ರೆಚರಿನ ಮೇಲೆ ಮಲಗಿದ್ದವಳನ್ನು ದಾಟಿ ಅವಳು ಮುಂದೆ ಹೋಗಿಬಿಟ್ಟಳು. ಗೌರವ್ವ ಕೂಗಿ ಕರೆದಾಗ ತಿರುಗಿ ನೋಡಿದಳು. ಆ ಮುಖ ಗಿರಿಜೆಯದಾಗಿರಲಿಲ್ಲ, ಅವ್ವನದಾಗಿತ್ತು. ಕಣ್ಣುಗಳು ಬಾವಿನೊಳಗೆ ಹೂತುಹೋಗಿದ್ದವು. ನರ್ಸು ಕೈಯ ಬಳೆಗಳನ್ನು ಕತ್ತರಿಸುತ್ತಿದ್ದಳು. ದಾಕ್ಷಾಯಣಿ ಅಲ್ಲೇ ಗಟ್ಟಿಯಾಗಿ ಅತ್ತಳು.

ಗಿರಿಜೆ ಉಳಿದಳು. ಕೂಸು ಉಳಿಯಲಿಲ್ಲ. ಹೆಣ್ಣು ಕೂಸು, ತಲೆ ತುಂಬ ಕೂದಲಿತ್ತು. ಬಾವು ಕಂಡ ಹೊತ್ತಿಗೇ ತಂದಿದ್ದರೆ ಔಷಧದಲ್ಲೇ ಹಿಡಿತಕ್ಕೆ ತರಬಹುದಿತ್ತು ಎಂದು ಡಾಕ್ಟರಮ್ಮ ಹೇಳಿದರು. ಮನೆಯಲ್ಲಿ ಯಾರೂ ಮುಖ ನೋಡಲಿಲ್ಲವೇ ಎಂದು ಕೇಳಿದರು. ಎರಡು ದಿನದ ಮೇಲೆ ಈರಣ್ಣ ಗುಜರಾತಿನಿಂದ ಬಂದು ಮುಟ್ಟಿದ. ಹೊರಟ ದಿನದಿಂದ ಅವನೂ ತನ್ನ ಪಾಟಿಯಲ್ಲಿ ಹೆಂಡತಿಯ ಹೊಳೆಯುವ ಮುಖವನ್ನೇ ನೋಡಿ ಬಂದವನು. ಯಾರನ್ನು ಬೈಯಬೇಕೆಂದು ತಿಳಿಯದೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಿದ್ದ.

ಮೂರನೆಯ ದಿನ ಗಿರಿಜೆಯ ಕಣ್ಣಿನ ಮಂಜು ತಿಳಿಯಾಯಿತು. ಅಕ್ಕನನ್ನು ಬಹಳ ಹೊತ್ತು ನೋಡಿದಳು.

“ನಾ ಹೇಳಿದ್ದೆ ಅಕ್ಕಾ,” ಎಂದಳು. “ದಿನಾ ಹೇಳತಿದ್ದೆ. ಅತಗೊಂತ ಹೇಳತಿದ್ದೆ, ಬಂದು ಕರಕೊಂಡು ಹೋಗು ಅಂತ. ನೀ ನಗತಿದ್ದಿ.”

ತಾನು ನಕ್ಕಿದ್ದಳೋ ಇಲ್ಲವೋ ದಾಕ್ಷಾಯಣಿಗೆ ತಿಳಿಯದು. ತಂಗಿಯ ಪಾಟಿ ತನ್ನ ಮುಖಕ್ಕೆ ಏನು ಬಳಿದು ತೋರಿಸಿತ್ತೋ, ಅದು ಆ ಪಾಟಿಗೇ ಗೊತ್ತು.

ಕಂಪನಿಗೆ ಅವಳು ಖುದ್ದಾಗಿ ಹೋಗಿ ಎಲ್ಲವನ್ನೂ ಹೇಳಿದಳು. ಅಲ್ಲಿಯವರು ಕಲ್ಲುಹೃದಯದವರೇನಲ್ಲ. ಶ್ರೀವತ್ಸ ಊಟ ಬಿಟ್ಟು ಕುಳಿತು ಪಾಟಿಗೆ ಒಂದು ಹೊಸ ಗುಂಡಿ ಮಾಡಿಸಿದ. ಅದನ್ನು ಒತ್ತಿದರೆ ತಿದ್ದುವುದೆಲ್ಲ ನಿಂತು, ಇದ್ದದ್ದು ಇದ್ದ ಹಾಗೆ ಕಾಣುತ್ತಿತ್ತು. ಎಲ್ಲರಿಗೂ ತಿಳಿಸಿದರು. ಆ ಗುಂಡಿ ಒತ್ತಿದವರು ಕಡಿಮೆ. ಒತ್ತಿದವರಲ್ಲೂ ಬಹಳ ಮಂದಿ ಸಂಜೆಯೊಳಗೆ ತಿರುಗಿ ಮೊದಲಿನಂತೆ ಮಾಡಿಕೊಂಡರು. ಗಂಡನ ನಿಜ ದನಿ ಕೇಳಿ ಒಬ್ಬಳು ಪಾಟಿಯೇ ಕೆಟ್ಟಿತು ಎಂದು ಅಂಗಡಿಗೆ ತಂದಿದ್ದಳಂತೆ. ಗುಂಡಿ ಬಂದ ಮೇಲೆ ಕಂಪನಿಗೆ ಮೊದಲ ಬಾರಿಗೆ ಅಂಗಡಿಗಳಿಂದ ಕಾಗದದಲ್ಲಿ ಬರೆದ ದೂರುಗಳು ಬಂದವು, ಎಲ್ಲವೂ ಆ ಗುಂಡಿಯ ಮೇಲೆಯೇ. ದಾಕ್ಷಾಯಣಿ ಅವನ್ನು ಓದಿ, ಅವತ್ತೇ ಕೆಲಸ ಬಿಟ್ಟು ಬಂದಳು.

ಬಾಣಂತನಕ್ಕೆ ಗಿರಿಜೆ ಅಕ್ಕನ ಮನೆಗೇ ಬಂದಳು. ಕೂಸಿಲ್ಲದ ಬಾಣಂತಿಗೂ ಮೈ ಬಾಣಂತಿಯದೇ, ಎಣ್ಣೆ ನೀರು ಬೇಕು, ಬಾಣಂತಿ ಮದ್ದಿನ ಕಾಯ ಬೇಕು, ಬೆಚ್ಚಗಿನ ಕೋಣೆ ಬೇಕು. ದಾಕ್ಷಾಯಣಿ ಎಲ್ಲ ಮಾಡಿದಳು. ಆದರೆ ಎದುರಾದಾಗಲೆಲ್ಲ ಗಿರಿಜೆ ಹಲ್ಲು ಕಚ್ಚಿ ಗೋಡೆಯ ಕಡೆ ತಿರುಗುತ್ತಿದ್ದಳು. ಎದೆಹಾಲು ಸೀರೆಗೆ ಇಳಿದ ದಿನಗಳಲ್ಲಿ ಅವಳ ನೋಟ ನೋಡುವ ಹಾಗಿರಲಿಲ್ಲ. ಬೈದುಬಿಡು, ಬೈದು ಹಗುರಾಗು ಎಂದು ದಾಕ್ಷಾಯಣಿ ಬೇಡಿಕೊಂಡಳು. ಗಿರಿಜೆ ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಅವಳೇ ಕರೆದು ತನ್ನ ಪಾಟಿ ಎಲ್ಲಿದೆ ಎಂದು ಕೇಳಿದಳು. ಆ ದರಿದ್ರದ ವಸ್ತು ಯಾಕೆ ಎಂದಳು ಅಕ್ಕ.

“ನೀ ಅಡಗಿಮನ್ಯಾಗ ಹೋಗಿ ಕುಂದರು ಅಕ್ಕಾ. ನಿನ್ನ ಪಾಟಿ ಹಿಡಕೊಂಡು ಕುಂದರು,” ಎಂದಳು ಗಿರಿಜೆ. “ನಾ ಇಲ್ಲಿಂದ ಮಾತಾಡತೀನಿ. ನನ್ನ ಹೊಟ್ಯಾಗ ಏನೇನೋ ಅದಾವ. ಅವನ್ನ ಅನಲಿಲ್ಲಂದರ ನಾ ಸಾಯತೀನಿ. ಕೇಳಿದರ ನೀ ಸಾಯತಿ. ಆ ಗುಂಡಿ ಮಾತ್ರ ಒತ್ತಬ್ಯಾಡ.”

ದಾಕ್ಷಾಯಣಿ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕುಳಿತಳು. ಪಾಟಿ ಬೆಳಗಿತು. ಅದರೊಳಗೆ ಗಿರಿಜೆ ತಂಪಾದ ಮುಖದಿಂದ ಕಾಣಿಸಿಕೊಂಡು, ಆದದ್ದು ಆಗಿಹೋಯಿತು, ನಿನ್ನ ಮೇಲೆ ನನಗೇನೂ ಇಲ್ಲ, ನೀನು ಸರಿಯಾಗಿ ಊಟ ಮಾಡು ಎಂದು ಮೆಲ್ಲಗೆ ಹೇಳತೊಡಗಿದಳು. ಬಾಡಿಗೆ ಮನೆಯ ಗೋಡೆ ಒಂದಿಟ್ಟಿಗೆಯದು. ಅದರ ಆ ಬದಿಯಿಂದ ಅದೇ ಹೊತ್ತಿಗೆ ಗಂಟಲು ಹರಿಯುವಂತೆ ಇನ್ನೊಂದು ದನಿ ಬರುತ್ತಿತ್ತು. ನನ್ನ ಕೂಸನ್ನು ಕೊಂದವಳು ನೀನು, ಅವ್ವನನ್ನು ನುಂಗಿ ಹುಟ್ಟಿದೆನೆಂದು ನನ್ನ ಮೇಲೆ ಹಗೆ ತೀರಿಸಿಕೊಂಡೆ, ನಿನ್ನನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ ಎಂದು ಆ ದನಿ ಒಂದೊಂದಾಗಿ ಹೇಳುತ್ತಿತ್ತು.

ದಾಕ್ಷಾಯಣಿ ಪಾಟಿಯ ದನಿಯನ್ನು ಪೂರ್ತಿ ಇಳಿಸಿ ಅದನ್ನು ಮಡಿಲಲ್ಲಿ ಬೋರಲು ಹಾಕಿದಳು. ಕಿವಿಯನ್ನು ಗೋಡೆಗೆ ಹಚ್ಚಿ, ತಂಗಿಯ ಮಾತು ಮುಗಿಯುವವರೆಗೂ ಕೇಳುತ್ತ ಕುಳಿತಳು.